ಅತ್ತಿಕಾಯಿ ಬಿಚ್ಚಿ ನೋಡುವ ಬಗೆ: ಮರ, ಕಣಜ, ಇರುವೆ, ಬಾವಲಿ

ಅತ್ತಿ ಹಣ್ಣು ಬಿಚ್ಚಿದರೆ ಒಳಗೆಲ್ಲ ಹುಳ ಎಂದು ಮೂಗು ಮುರಿಯುವುದು ನಮ್ಮಲ್ಲಿ ವಾಡಿಕೆ. ಆದರೆ ಆ ಹುಳ ಬಂದದ್ದರಿಂದಲೇ ಅದು ಹಣ್ಣಾಗಿದೆ. ಕಾಯಿಯೊಳಗೆ ಅವಿತಿರುವ ಸಾವಿರಾರು ಸಣ್ಣ ಹೂಗಳಿಗೆ ಪರಾಗ ತಂದು ಹಾಕುವುದು ಸುಮಾರು ಎರಡು ಮಿಲಿಮೀಟರ್ ಉದ್ದದ ಒಂದು ಕಣಜ. ಅದರ ಹೆಸರು ಸೆರಟೊಸೋಲೆನ್ ಫ್ಯೂಸಿಸೆಪ್ಸ್. ಅದಕ್ಕೆ ಅತ್ತಿ ಬಿಟ್ಟರೆ ಮರಿ ಮಾಡಲು ಬೇರೆ ಜಾಗವಿಲ್ಲ, ಅತ್ತಿಗೆ ಅದು ಬಿಟ್ಟರೆ ಬೀಜ ಕಟ್ಟಿಸುವವರಿಲ್ಲ. ಈ ಇಬ್ಬರ ಸುತ್ತ ಇರುವೆ, ಪರಾಗ ತರದ ಕಳ್ಳ ಕಣಜ, ಕುಟ್ರುಹಕ್ಕಿ, ಅಳಿಲು, ಬಾವಲಿಗಳ ದೊಡ್ಡ ಸಂಸಾರವೇ ಇದೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ನಡೆಯುವ ಈ ವ್ಯವಹಾರವನ್ನು ಬೆಂಗಳೂರಿನ ಒಂದು ಅತ್ತಿಮರದ ಕೆಳಗೆ ನಿಂತು ನೋಡಬಹುದು. ನೋಡುವ ಕ್ರಮ ಗೊತ್ತಿರಬೇಕು, ಅಷ್ಟೇ.

ಮರ ಆರಿಸುವುದು

ಅರಳಿ, ಆಲ, ಗೋಣಿ ಮರಗಳಲ್ಲೂ ಇದೇ ಕಥೆ ನಡೆಯುತ್ತದೆ. ಅವುಗಳ ಕಾಯಿ ಮಾತ್ರ ತುದಿಯ ಸಣ್ಣ ರೆಂಬೆಗಳಲ್ಲಿ, ಕೈಗೆ ಸಿಗದ ಎತ್ತರದಲ್ಲಿ. ಅತ್ತಿಯ ಗೊಂಚಲು ಕಾಂಡಕ್ಕೂ ದಪ್ಪ ಕೊಂಬೆಗೂ ಅಂಟಿಕೊಂಡೇ ಬಿಡುತ್ತದೆ. ಎದೆ ಮಟ್ಟದಲ್ಲೇ ಐವತ್ತು ಕಾಯಿ ಸಿಕ್ಕೀತು. ಹೊಸಬರು ಅತ್ತಿಯಿಂದಲೇ ಶುರು ಮಾಡುವುದು ಒಳ್ಳೆಯದು.

ಲಾಲ್‌ಬಾಗ್, ಕಬ್ಬನ್ ಪಾರ್ಕ್‌ನಂಥ ಕಡೆ ಕಾಯಿ ಕೀಳಬೇಡಿ. ಅಲ್ಲಿ ಕಣ್ಣಿನಿಂದ ನೋಡುವ ಕೆಲಸ ಮಾತ್ರ. ಕೊಯ್ದು ನೋಡಲು ನಿಮ್ಮ ಅಪಾರ್ಟ್‌ಮೆಂಟಿನ, ಪರಿಚಯದವರ ತೋಟದ ಅಥವಾ ಒಪ್ಪಿಗೆ ಕೊಟ್ಟ ಶಾಲೆಯ ಮರ ಹುಡುಕಿ. ದತ್ತಾತ್ರೇಯನ ಗುಡಿಗಳಲ್ಲಿ ಔದುಂಬರವೆಂದು ಪೂಜೆಗೊಳ್ಳುವುದು ಇದೇ ಮರ. ಅಂಥ ಕಡೆ ಅರ್ಚಕರನ್ನು ಕೇಳದೆ ಕಟ್ಟೆ ಹತ್ತಬೇಡಿ.

ಒಂದೇ ಮರದ ಕಾಯಿಗಳು ಹೆಚ್ಚುಕಡಿಮೆ ಒಟ್ಟಿಗೆ ಬಲಿಯುತ್ತವೆ, ಪಕ್ಕದ ಬೀದಿಯ ಮರ ಬೇರೆಯೇ ಹಂತದಲ್ಲಿರುತ್ತದೆ. ಹೊರಬಂದ ಕಣಜ ಬದುಕುವುದು ಒಂದೆರಡು ದಿನ. ಅಷ್ಟರಲ್ಲಿ ಅದು ಎಳೆಕಾಯಿ ಬಿಟ್ಟ ಇನ್ನೊಂದು ಮರ ಹುಡುಕಬೇಕು. ಹಾಗಾಗಿ ಸಾಧ್ಯವಾದರೆ ಎರಡು ಮೂರು ಮರ ಇಟ್ಟುಕೊಳ್ಳಿ. ಒಂದೇ ಮರ ಹಿಡಿದು ಕೂತರೆ ಎಷ್ಟೋ ವಾರ ಏನೂ ನಡೆಯದು.

ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಹ್ಯಾಂಡ್ ಲೆನ್ಸ್, ಹೊಸ ಬ್ಲೇಡು, ಬಿಳಿ ಕಾಗದ, ಅಗಲ ಬಾಯಿಯ ಗಾಜಿನ ಬಾಟಲಿ, ಹಳೆಯ ತೆಳು ಪಂಚೆಯ ತುಂಡು, ರಬ್ಬರ್ ಬ್ಯಾಂಡು, ಬಣ್ಣದ ಉಲ್ಲನ್ ದಾರ, ನೋಟ್‌ಬುಕ್ಕು. ಕಾಯಿ ಕೊಯ್ದರೆ ಹಾಲು ಸುರಿದು ಬ್ಲೇಡಿಗೆ ಮೇಣದ ಹಾಗೆ ಅಂಟುತ್ತದೆ. ಬೆರಳಿಗೂ ಬ್ಲೇಡಿಗೂ ಮೊದಲೇ ಕೊಬ್ಬರಿ ಎಣ್ಣೆ ಸವರಿ. ಸೊಳ್ಳೆಪರದೆ ಬಟ್ಟೆ ಬೇಡ. ಅದರ ಕಣ್ಣಿನಲ್ಲಿ ಕಣಜ ಸಲೀಸಾಗಿ ನುಸುಳುತ್ತದೆ.

ಹಂತ ಗುರುತಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ. ಇಪ್ಪತ್ತು ಕಾಯಿಗೆ ಗುರುತು ಹಾಕಿ. ದಾರವನ್ನು ಕಾಯಿಯ ತೊಟ್ಟಿಗೆ ಬಿಗಿಯಬೇಡಿ, ಉಜ್ಜಿ ಉದುರಿಹೋಗುತ್ತದೆ. ಗೊಂಚಲಿನ ಬುಡಕ್ಕೆ ಸಡಿಲವಾಗಿ ಸುತ್ತಿ. ಮೂರು ದಿನಕ್ಕೊಮ್ಮೆ ಹೋಗಿ, ಗುರುತಿಲ್ಲದ ಒಂದು ಕಾಯನ್ನು ಬಾಯಿಯಿಂದ (ತೊಟ್ಟಿನ ಎದುರು ತುದಿಯ ಸಣ್ಣ ರಂಧ್ರ) ತೊಟ್ಟಿನವರೆಗೆ ಉದ್ದಕ್ಕೆ ಸೀಳಿ. ಅಡ್ಡ ಕೊಯ್ದರೆ ಬಾಯಿಯ ಭಾಗ ಕೈತಪ್ಪುತ್ತದೆ. ನೋಡಬೇಕಾದ್ದರಲ್ಲಿ ಅರ್ಧ ಅಲ್ಲೇ ಇರುತ್ತದೆ.

ಮೊದಲ ಹಂತದಲ್ಲಿ ಕಾಯಿ ಸಣ್ಣದು, ಗಟ್ಟಿ, ಬಾಯಿಯ ಹುರುಪೆಗಳು ಬಿಗಿದಿರುತ್ತವೆ. ಒಳಗೆ ಕಣಜವಿಲ್ಲ.

ಎರಡನೆಯದು ಹೆಣ್ಣುಹೂವಿನ ಹಂತ. ಹುರುಪೆಗಳು ಕೊಂಚ ಸಡಿಲವಾಗಿ, ಕಾಯಿ ವಾಸನೆ ಬಿಟ್ಟು ಕಣಜವನ್ನು ಕರೆಯುತ್ತದೆ. ಲೆನ್ಸನ್ನು ನೇರ ಬಾಯಿಯ ಮೇಲೆ ಹಿಡಿಯಿರಿ. ಹುರುಪೆಗಳ ಸಂದಿಯಲ್ಲಿ ಪಾರದರ್ಶಕ ಚೂರೊಂದು ಅಂಟಿಕೊಂಡಿರುತ್ತದೆ, ಈರುಳ್ಳಿ ಪೊರೆಯ ಹಾಗೆ. ಅದು ರೆಕ್ಕೆ. ಒಳಗೆ ತೂರುವ ಇಕ್ಕಟ್ಟಿನಲ್ಲಿ ಹೆಣ್ಣು ಕಣಜ ರೆಕ್ಕೆಯನ್ನೂ ಮೀಸೆಯ ತುದಿಯನ್ನೂ ಮುರಿದುಕೊಂಡು ಹೋಗುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಆ ಕಾಯನ್ನು ಸೀಳಿದರೆ ರೆಕ್ಕೆಯಿಲ್ಲದ ಕಪ್ಪು ಹೆಣ್ಣು ಕಣಜ ಹೂಗಳ ಮೇಲೆ ಓಡಾಡುತ್ತಿರುವುದು ಕಂಡೀತು. ಎದೆಯ ಅಡಿಯ ಚೀಲದಲ್ಲಿ ತಂದ ಪರಾಗವನ್ನು ಮುಂಗಾಲಿನಿಂದ ತೆಗೆದು ಹೂವಿಗೆ ಸವರುತ್ತ, ಜೊತೆಗೇ ಮೊಟ್ಟೆ ಇಡುತ್ತಿರುತ್ತದೆ. ಈ ಹಂತ ಕೆಲವೇ ದಿನ. ವಾರಕ್ಕೊಮ್ಮೆ ಹೋಗುವವರಿಗೆ ತಪ್ಪಿಹೋಗುವುದು ಇದೇ.

ಮೂರನೆಯದು ಉದ್ದದ ಹಂತ, ವಾರಗಟ್ಟಲೆ. ಬೇಸಿಗೆಯಲ್ಲಿ ಬೇಗ ಮುಗಿಯುತ್ತದೆ, ಚಳಿಗಾಲದಲ್ಲಿ ಎಳೆಯುತ್ತದೆ. ಸೀಳಿದರೆ ಒಳಟೊಳ್ಳಿನ ಕಡೆ ಉಬ್ಬಿದ ಗಂಟುಗಳು, ಗೋಡೆಯ ಕಡೆ ಚಿಕ್ಕ ಗಟ್ಟಿ ಬೀಜಗಳು. ಗಂಟಿನೊಳಗೆ ಕಣಜದ ಮರಿ ಬೆಳೆಯುತ್ತಿದೆ. ಗಂಟನ್ನು ಸೂಜಿಮೊನೆಯಿಂದ ಒತ್ತಿದರೆ ಒಡೆಯುತ್ತದೆ, ಬೀಜ ಜಾರುತ್ತದೆ. ಎರಡನ್ನೂ ಎಣಿಸಿ ಬರೆದಿಡಿ. ಮರ ತನ್ನ ಹೂಗಳಲ್ಲಿ ಎಷ್ಟನ್ನು ಕಣಜಕ್ಕೆ ಸಂಬಳವಾಗಿ ಕೊಟ್ಟಿದೆ ಎಂಬುದು ಆ ಲೆಕ್ಕದಲ್ಲಿದೆ.

ನಾಲ್ಕನೆಯದರಲ್ಲಿ ಕಾಯಿ ಕೊಂಚ ಮೆತ್ತಗಾಗಿ ಹಸಿರು ಮಾಸುತ್ತದೆ. ಒಳಗೆ ರೆಕ್ಕೆಯಿಲ್ಲದ, ಜೇನುಬಣ್ಣದ ಗಂಡುಗಳು ಮೊದಲು ಹೊರಬಂದು, ಇನ್ನೂ ಗಂಟಿನೊಳಗಿರುವ ಹೆಣ್ಣುಗಳನ್ನು ಕೂಡಿ, ಆಮೇಲೆ ಗೋಡೆ ಕೊರೆದು ದಾರಿ ಮಾಡುತ್ತವೆ. ಹೆಣ್ಣುಗಳು ಪರಾಗ ತುಂಬಿಕೊಂಡು ಆ ದಾರಿಯಿಂದ ಹಾರುತ್ತವೆ. ಐದನೆಯದರಲ್ಲಿ ಕಾಯಿ ಊದಿ, ಕೆಂಪಾಗಿ, ಹಣ್ಣಾಗುತ್ತದೆ. ಹಣ್ಣಿನಲ್ಲಿ ಸಿಗುವ ಸತ್ತ ಹುಳ ಬಹುಪಾಲು ಒಳಗೇ ಉಳಿದ ಗಂಡುಗಳು.

ಕಣಜ ಹೊರಬರುವುದನ್ನು ನೋಡಲು

ನಾಲ್ಕನೇ ಹಂತಕ್ಕೆ ಬಂದ ಮರದಿಂದ ನಾಲ್ಕೈದು ಕಾಯಿ ಸಂಜೆ ಕಿತ್ತು ತನ್ನಿ. ತೊಟ್ಟಿನ ಹಾಲು ಒರೆಸಿ, ಬಾಟಲಿಯ ತಳಕ್ಕೆ ಟಿಶ್ಯೂ ಪೇಪರ್ ಹಾಸಿ, ಕಾಯಿ ಇಟ್ಟು, ಬಾಯಿಗೆ ಪಂಚೆ ಬಟ್ಟೆ ಕಟ್ಟಿ. ಮುಚ್ಚಳ ತಿರುಗಿಸಿ ಮುಚ್ಚಬೇಡಿ: ಕಾಯಿಯ ನೀರಾವಿ ಗಾಜಿನ ಮೇಲೆ ಹನಿಗಟ್ಟಿ ಕಣಜಗಳು ಅದರಲ್ಲೇ ಅಂಟಿ ಸಾಯುತ್ತವೆ. ಬಿಸಿಲಿನಲ್ಲೂ ಫ್ರಿಜ್ಜಿನಲ್ಲೂ ಇಡಬೇಡಿ. ಎರಡು ದಿನ ಕಳೆದರೂ ಏನೂ ಬರದಿದ್ದರೆ ಕಾಯಿ ಬೇಗ ಕಿತ್ತಿದ್ದೀರಿ; ಸೀಳಿ ನೋಡಿದರೆ ಬಿಳಿ ಮರಿಗಳು ಸಿಗುತ್ತವೆ. ಮೊದಲೇ ತೂತು ಬಿದ್ದಿದ್ದರೆ ತಡವಾಗಿ ಕಿತ್ತಿದ್ದೀರಿ. ನೋಡಿ ಆದ ಮೇಲೆ ಬಟ್ಟೆ ಬಿಚ್ಚಿ ಬಾಟಲಿಯನ್ನು ಕಿಟಕಿಯಲ್ಲಿಡಿ. ಕಣಜಗಳ ಬಳಿ ಇರುವುದು ಒಂದೆರಡೇ ದಿನ. ಗಾಳಿ ಹಿಡಿದರೆ ಬಹಳ ದೂರ ಹೋಗುತ್ತವೆ: ಆಫ್ರಿಕಾದ ನಮೀಬಿಯಾದಲ್ಲಿ ಇದೇ ಕುಲದ ಇನ್ನೊಂದು ಕಣಜ 160 ಕಿಲೋಮೀಟರ್‌ವರೆಗೂ ಪರಾಗ ಒಯ್ದದ್ದು ದಾಖಲಾಗಿದೆ.

ಕಣಜ ಬಾರದಿದ್ದರೆ?

ಹತ್ತು ಎಳೆಕಾಯಿಯ ಗೊಂಚಲಿಗೆ ಬಟ್ಟೆ ಚೀಲ ಕಟ್ಟಿ, ಪಕ್ಕದ ಹತ್ತನ್ನು ಹಾಗೇ ಬಿಡಿ. ಚೀಲದೊಳಗಿನವು ಬಲಿಯದೆ ಉದುರಬೇಕು. ಎಲ್ಲ ದಪ್ಪಗಾದರೆ ನೀವು ಕಟ್ಟುವ ಮೊದಲೇ ಕಣಜ ಒಳಹೊಕ್ಕಿತ್ತು. ಒಂದನ್ನು ಸೀಳಿ ಹೆಣ್ಣಿನ ಶವ ಹುಡುಕಿ. ಬಟ್ಟೆ ಕಾಯಿಗೆ ತಾಗದಂತೆ ಒಳಗೆ ತಂತಿಯ ಬಳೆ ಹಾಕುವುದನ್ನು ಮರೆಯಬೇಡಿ. ಕಳ್ಳ ಕಣಜಗಳು ಬಟ್ಟೆಯ ಮೂಲಕವೇ ಚುಚ್ಚಿ ಮೊಟ್ಟೆ ಇಡಬಲ್ಲವು, ಆಗ ಫಲಿತಾಂಶ ಕಲಸುಮೇಲೋಗರ. ಸೊಳ್ಳೆಗೆ ಹೊಗೆ ಹಾಕುವ ವಾರದಲ್ಲಿ ಈ ಪ್ರಯೋಗ ಬೇಡ. ಬಿಟ್ಟ ಕಾಯಿಗಳಿಗೂ ಕಣಜ ಬಾರದೆ ಎರಡೂ ಉದುರಬಹುದು.

ಕಳ್ಳ ಕಣಜ, ಕಾಯುವ ಇರುವೆ

ಪರಾಗ ತರದೆ, ಹೊರಗಿನಿಂದಲೇ ಗೋಡೆ ಚುಚ್ಚಿ ಮೊಟ್ಟೆ ಇಡುವ ಹಲವು ಜಾತಿಗಳಿವೆ. ಮೈಗಿಂತ ಉದ್ದದ ಸೂಜಿಯನ್ನು ಕಾಯಿಯ ಮೇಲೆ ನೆಟ್ಟು ನಿಂತದ್ದು ಬರಿಗಣ್ಣಿಗೇ ಕಾಣುತ್ತದೆ. ಕೂದಲಿಗಿಂತ ಸಣ್ಣ ಸೂಜಿ ಅಷ್ಟು ಗಟ್ಟಿ ಕಾಯನ್ನು ಹೇಗೆ ಕೊರೆಯುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಊರಿನಲ್ಲೇ: ಭಾರತೀಯ ವಿಜ್ಞಾನ ಸಂಸ್ಥೆಯ ನಮ್ರತಾ ಗುಂಡಯ್ಯ ಮತ್ತು ಸಂಗಡಿಗರು 2014ರಲ್ಲಿ, ಅದರ ತುದಿಯ ಹಲ್ಲುಗಳಲ್ಲಿ ಸತುವು ಸೇರಿರುವುದನ್ನು ತೋರಿಸಿದರು.

ಸೂಜಿ ನೆಟ್ಟ ಕಣಜ ಬೇಗ ಹಾರಲಾರದು. ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಅದನ್ನು ಹಿಡಿಯುವುದು ಆಗಲೇ. ಒಳಹೋಗುವ ಮತ್ತು ಹೊರಬರುವ ಅತ್ತಿ ಕಣಜವನ್ನೂ ಅದು ಬಿಡುವುದಿಲ್ಲ, ನಿಜ. ಆದರೂ ಕಾಯಿಯ ಮೇಲೆ ಹೊತ್ತುಗಟ್ಟಲೆ ನಿಲ್ಲುವ ಕಳ್ಳರಿಗೇ ಅದರ ಕಾಟ ಹೆಚ್ಚು. ಇದನ್ನು ಪರೀಕ್ಷಿಸಲು ಕಾಂಡಕ್ಕೆ ಗ್ರೀಸ್ ಬಳಿಯುವವರಿದ್ದಾರೆ. ಅದು ಬೇಡ, ತೊಗಟೆಯೂ ಹಾಳು, ಹಲ್ಲಿ ಅರಣೆಗಳೂ ಅಂಟಿಕೊಳ್ಳುತ್ತವೆ. ಇರುವೆ ಸಾಲಿರುವ ಒಂದು ಕೊಂಬೆ, ಇಲ್ಲದ ಒಂದು ಕೊಂಬೆ ಆರಿಸಿ, ತಲಾ ಇಪ್ಪತ್ತು ಕಾಯಿಯ ಮೇಲೆ ಹತ್ತು ನಿಮಿಷದಲ್ಲಿ ಎಷ್ಟು ಸೂಜಿ ಕಣಜ ಕೂತವು ಎಂದು ಎಣಿಸಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಮಾಡಿ. ಕೊಂಬೆಗೆ ಒರಗಬೇಡಿ, ಚಗಳಿ ಕಚ್ಚಿದ ಜಾಗ ಚುರುಗುಟ್ಟುತ್ತದೆ.

ಹಣ್ಣಾದ ಮೇಲೆ

ಹಗಲಿಗೆ ಕುಟ್ರುಹಕ್ಕಿ, ಕೋಗಿಲೆ, ಮೈನಾ, ಅಳಿಲು. ಕತ್ತಲಾದ ಮೇಲೆ ಬಾವಲಿ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿಕೊಂಡು ದೂರ ಕೂತರೆ ಬಾವಲಿ ಹಣ್ಣು ಕಿತ್ತು ಬೇರೆ ಮರಕ್ಕೆ ಒಯ್ಯುವುದು ಕಾಣುತ್ತದೆ. ಅಲ್ಲಿ ರಸ ಹೀರಿ ನಾರನ್ನು ಉಗುಳುತ್ತದೆ, ಸಣ್ಣ ಬೀಜ ಹೊಟ್ಟೆಗೆ ಹೋಗಿ ಹಿಕ್ಕೆಯಲ್ಲಿ ಬೀಳುತ್ತದೆ. ಹೀಗೆ ಉಣ್ಣುವ ಮರದ ಕೆಳಗೆ ರಾತ್ರಿ ಹಳೆ ದಿನಪತ್ರಿಕೆ ಹಾಸಿಟ್ಟು ಬೆಳಿಗ್ಗೆ ನೋಡಿ. ಹಿಕ್ಕೆಯನ್ನಾಗಲಿ ಕಚ್ಚಿ ಬಿಸಾಡಿದ ಹಣ್ಣನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ. ಗ್ಲೋವ್ಸ್, ಮಾಸ್ಕ್ ಇರಲಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ.

ಸಸಿ ಮಾಡುವ ಆಸೆಯಿದ್ದರೆ ಮರದಲ್ಲೇ ಪೂರ್ತಿ ಹಣ್ಣಾದ, ಯಾವ ಪ್ರಾಣಿಯೂ ಕಚ್ಚದ ಹಣ್ಣು ತೆಗೆದುಕೊಳ್ಳಿ. ತಿರುಳನ್ನು ನೀರಿನಲ್ಲಿ ಕಿವುಚಿ. ಬರಿದಾದ ಗಂಟು ತೇಲುತ್ತದೆ, ಬೀಜ ಮುಳುಗುತ್ತದೆ. ಮುಳುಗಿದ್ದನ್ನು ತೇವದ ಮರಳುಮಣ್ಣಿನ ಮೇಲೆ ಉದುರಿಸಿ ಬಿಡಿ, ಮುಚ್ಚಬೇಡಿ: ಸಾಸಿವೆಗಿಂತ ಸಣ್ಣ ಬೀಜ, ಮಣ್ಣಿನಡಿ ಹೋದರೆ ಮೇಲೆ ಬರುವ ಶಕ್ತಿ ಅದಕ್ಕಿಲ್ಲ, ಬೆಳಕೂ ಬೇಕು. ಕುಂಡದ ಮೇಲೆ ಗಾಜು ಇಟ್ಟು, ನೀರನ್ನು ಮೇಲಿಂದ ಸುರಿಯದೆ ತಟ್ಟೆಯಲ್ಲಿ ನಿಲ್ಲಿಸಿ ಕುಡಿಸಿ. ನಾಲ್ಕು ಎಲೆ ಬಂದ ಮೇಲೆ ಚೀಲಕ್ಕೆ ಬದಲಾಯಿಸಿ. ನೆಡುವ ಜಾಗ ಸಂಪು, ಪೈಪು, ಕಾಂಪೌಂಡುಗಳಿಂದ ದೂರವಿರಲಿ. ಕೆರೆಯಂಗಳದ ಅಂಚು, ರಾಜಕಾಲುವೆಯ ದಡದಂಥ ತೇವದ ನೆಲ ಅತ್ತಿಗೆ ಚೆನ್ನಾಗಿ ಒಗ್ಗುತ್ತದೆ.