ಮೊದಲ ಕ್ರೂಸರ್ ಕೊಳ್ಳುವಿರಾ? ಎಂಜಿನ್ ಆಫ್ ಇರುವಾಗಲೇ ಪರೀಕ್ಷಿಸಿ

ಕ್ರೂಸರ್ ಬೈಕ್ ನೋಡೋಕೆ ದೊಡ್ಡದು, ಕೂರೋಕೆ ತಗ್ಗು. ಎತ್ತರ ಕಡಿಮೆ ಇರುವ ಹೆಣ್ಣುಮಕ್ಕಳಿಗೂ ಇದು ಒಗ್ಗುವುದು ಅದಕ್ಕೇ. ಆದರೆ ಸೀಟು ತಗ್ಗು ಅಂದ ಮಾತ್ರಕ್ಕೆ ಬೈಕ್ ಹಗುರ ಅಂತಲ್ಲ. ಹೋಂಡಾ ಆಕ್ಟಿವಾ ತೂಕ ಸುಮಾರು 106 ಕೆ.ಜಿ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ತೂಗುವುದು 191 ಕೆ.ಜಿ. ಓಡುವಾಗ ಈ ತೂಕ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಿಂದ ಹಿಂದಕ್ಕೆ ತಳ್ಳುವಾಗ, ಇಳಿಜಾರಿನಲ್ಲಿ ನಿಂತಾಗ, ಯೂಟರ್ನ್‌ನಲ್ಲಿ ಆಫ್ ಆದಾಗ. ಹಾಗಾಗಿ ಸಿಸಿ, ಬಣ್ಣ, ಸೈಲೆನ್ಸರ್ ಸದ್ದು ಎಲ್ಲ ಆಮೇಲೆ. ಎಂಜಿನ್ ಆಫ್ ಇರುವಾಗ ಒಬ್ಬರೇ ನಿಭಾಯಿಸಬಲ್ಲ ಬೈಕ್ ಯಾವುದು ಅನ್ನುವುದು ಮೊದಲು.

ಮೊದಲು ಲೈಸೆನ್ಸ್ ತೆಗೆದು ನೋಡಿ

ಸ್ಕೂಟರ್ ಓಡಿಸುವ ಅನೇಕರ ಹತ್ತಿರ ಇರುವುದು ಗೇರ್ ಇಲ್ಲದ ದ್ವಿಚಕ್ರ ವಾಹನದ ಲೈಸೆನ್ಸ್. ಅದರಲ್ಲಿ ಕ್ರೂಸರ್ ಓಡಿಸುವಂತಿಲ್ಲ. ಅಪಘಾತವಾದರೆ ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಬರುತ್ತದೆ. ಲೈಸೆನ್ಸ್‌ಗೆ ಅರ್ಜಿ ಹಾಕುವ ಸರ್ಕಾರಿ ವೆಬ್‌ಸೈಟ್ ‘ಸಾರಥಿ’ಯಲ್ಲಿ ಗೇರ್ ಇರುವ ವಾಹನಕ್ಕೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಮಾಡಿಸಿ. 18 ವರ್ಷ ತುಂಬಿರಬೇಕು. ಎಲ್‌ಎಲ್ ಸಿಕ್ಕ 30 ದಿನದ ಮೇಲೆ ಆರ್‌ಟಿಒ ಟೆಸ್ಟ್ ಕೊಡಬಹುದು, ಎಲ್‌ಎಲ್ 6 ತಿಂಗಳು ನಡೆಯುತ್ತದೆ. ಈ ಸಮಯದಲ್ಲಿ ಯಾರದ್ದಾದರೂ 100 ಅಥವಾ 125 ಸಿಸಿ ಬೈಕಿನಲ್ಲಿ ಕಲಿಯಿರಿ.

ಎಡಗೈಗೆ ಮರೆಯಲು ಕಲಿಸಿ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಸ್ಕೂಟರಿನಲ್ಲಿ ಎಡಗೈ ಲಿವರ್ ಅಂದರೆ ಬ್ರೇಕ್. ಬೈಕಿನಲ್ಲಿ ಅದೇ ಜಾಗದಲ್ಲಿ ಕ್ಲಚ್. ನಾಯಿ ಅಡ್ಡ ಬಂತು ಅಂದುಕೊಳ್ಳಿ. ವರ್ಷಗಟ್ಟಲೆ ಸ್ಕೂಟರ್ ಓಡಿಸಿದ ಕೈ ತಾನಾಗಿಯೇ ಎಡ ಲಿವರ್ ಹಿಡಿಯುತ್ತದೆ. ಬೈಕ್ ನಿಲ್ಲುವುದಿಲ್ಲ, ಎಂಜಿನ್ನಿನ ಹಿಡಿತವೂ ತಪ್ಪಿ ಸಲೀಸಾಗಿ ಮುಂದಕ್ಕೆ ಉರುಳುತ್ತದೆ. ಬೈಕಿನ ಬ್ರೇಕು ಬಲಗೈ ಮತ್ತು ಬಲಗಾಲಿನಲ್ಲಿ. ಖಾಲಿ ಮೈದಾನದಲ್ಲಿ 20 ಕಿ.ಮೀ. ವೇಗದಲ್ಲಿ ಹೋಗಿ, ಎರಡೂ ಬ್ರೇಕ್ ಹಿಡಿದು, ಕೊನೆಗಷ್ಟೇ ಕ್ಲಚ್ ಒತ್ತಿ ನಿಲ್ಲಿಸುವುದನ್ನು ಬೇಜಾರಾಗುವಷ್ಟು ಸಲ ಮಾಡಿ. ಹಾಫ್ ಕ್ಲಚ್, ಅಂದರೆ ಕ್ಲಚ್ಚನ್ನು ಪೂರ್ತಿ ಬಿಡದೆ ಅರ್ಧ ಹಿಡಿದು ಓಡಿಸುವುದನ್ನೂ ಅಲ್ಲೇ ಕಲಿಯಿರಿ. ಆಕ್ಸಿಲರೇಟರ್ ಮುಟ್ಟದೆ ಬರೀ ಕ್ಲಚ್ಚಿನಲ್ಲಿ ನಡೆಯುವ ವೇಗಕ್ಕೆ ಬೈಕ್ ಹೋಗುವಂತಾದರೆ ಟ್ರಾಫಿಕ್ಕಿನ ಹೆದರಿಕೆ ಅರ್ಧ ಹೋದಂತೆ.

ಪಟ್ಟಿ ಚಿಕ್ಕದಿರಲಿ

ಬಜಾಜ್ ಅವೆಂಜರ್ ಸೀಟಿನ ಎತ್ತರ 737 ಮಿ.ಮೀ. 160 ಸ್ಟ್ರೀಟ್ ಸುಮಾರು 156 ಕೆ.ಜಿ., 220 ಕ್ರೂಸ್ ಸುಮಾರು 163 ಕೆ.ಜಿ. ಮೀಟಿಯರ್ 350ರ ಸೀಟು 765 ಮಿ.ಮೀ. ಅದೇ ಶೋರೂಮಿನ ಸೂಪರ್ ಮೀಟಿಯರ್ 650 ಸೀಟು 740 ಮಿ.ಮೀ. ಮಾತ್ರ, ಮೀಟಿಯರ್‌ಗಿಂತ ತಗ್ಗು! ಆದರೆ ತೂಕ 241 ಕೆ.ಜಿ. ಸೀಟಿನ ಎತ್ತರ ಒಂದನ್ನೇ ನೋಡಿ ಬೈಕ್ ಆರಿಸಬಾರದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ? 650 ಚೆಂದದ ಬೈಕ್, ಎರಡನೆಯ ಬೈಕಾಗಿ.

ರಾಯಲ್ ಎನ್‌ಫೀಲ್ಡ್‌ನದ್ದೇ ಕ್ಲಾಸಿಕ್ 350 ಕೂಡ ಕ್ರೂಸರ್ ಅಂದುಕೊಂಡು ಹೋಗುವವರೂ ಇದ್ದಾರೆ. ಅದರ ಸೀಟು 805 ಮಿ.ಮೀ., ಕಾಲಿಡುವ ಫುಟ್‌ರೆಸ್ಟ್ ಕೂಡ ಅಷ್ಟು ಮುಂದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಗೇರ್ ಬೈಕಿಗೇ ಹೊಸಬರಾದವರಿಗೆ ಒಳ್ಳೆಯ ಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಅವೆಂಜರ್ ಸಾಕು. ಮೊದಲ ಬೈಕ್ ಒಮ್ಮೆಯಾದರೂ ನಿಂತಲ್ಲೇ ವಾಲಿ ಬೀಳುತ್ತದೆ. ಹಳೆ ಬೈಕಿಗೆ ಗೀರು ಬಿದ್ದರೆ ಹೊಟ್ಟೆ ಉರಿಯುವುದಿಲ್ಲ. ಆರು ತಿಂಗಳು ಗೇರ್ ಬೈಕ್ ಓಡಿಸಿ ಪಳಗಿದವರು ನೇರವಾಗಿ 350ಕ್ಕೆ ಹೋಗಬಹುದು.

ಶೋರೂಮಿನಲ್ಲಿ ಮಾಡಬೇಕಾದ್ದು

ಅಣ್ಣನನ್ನೋ ಗಂಡನನ್ನೋ ಕರೆದುಕೊಂಡು ಹೋದರೆ ಸೇಲ್ಸ್‌ನವರು ಅವರ ಮುಖ ನೋಡಿಕೊಂಡೇ ಮೈಲೇಜ್ ಹೇಳುತ್ತಾರೆ. ‘ಓಡಿಸುವುದು ನಾನು’ ಅಂತ ಶುರುವಿನಲ್ಲೇ ಹೇಳಿಬಿಡಿ. ಓಡಿಸುವಾಗ ಹಾಕುವ ಶೂನಲ್ಲೇ ಹೋಗಿ. ಚಪ್ಪಲಿಯಲ್ಲಿ ಅಳತೆಯೇ ಬೇರೆ. ಟೈಲ್ಸ್ ನೆಲದ ಮೇಲೆ ಬೇಡ, ಬೈಕನ್ನು ಹೊರಗೆ ತರಿಸಿ.

ಎಡಕ್ಕೆ ನಿಂತು, ಹ್ಯಾಂಡಲ್ ಹಿಡಿದು, ಸೊಂಟದಿಂದ ಸೀಟನ್ನು ಒತ್ತಿ, ಸೈಡ್ ಸ್ಟ್ಯಾಂಡಿನಿಂದ ಎಬ್ಬಿಸಿ. ಹತ್ತು ಹೆಜ್ಜೆ ಮುಂದಕ್ಕೆ, ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಆಮೇಲೆ ಹತ್ತಿ ಕೂತು ಕಾಲಿನಿಂದಲೇ ಹಿಂದಕ್ಕೆ ಸರಿಸಿ. ಪೂರ್ತಿ ಪಾದ ಊರಲೇಬೇಕು ಅಂತಿಲ್ಲ. ಎರಡೂ ಕಡೆ ಪಾದದ ಮುಂಭಾಗ ಗಟ್ಟಿಯಾಗಿ ಕೂತರೆ ಸಾಕು. ಬರೀ ಬೆರಳ ತುದಿ ತಾಗುತ್ತಿದ್ದರೆ ಹಿಂದಕ್ಕೆ ಸರಿಸಲು ಆಗುವುದಿಲ್ಲ. ಕ್ರೂಸರ್ ಸೀಟು ಅಗಲ, ತೊಡೆಯನ್ನು ಹೊರಕ್ಕೆ ತಳ್ಳುತ್ತದೆ. ಕಾಗದದ ಮೇಲೆ ತಗ್ಗಿದ್ದರೂ ಕಾಲು ನೆಲಕ್ಕೆ ಸಿಗದಿರುವುದು ಇದರಿಂದಲೇ.

ಈಗ ಕೂತಲ್ಲೇ ಹ್ಯಾಂಡಲನ್ನು ಬಲಕ್ಕೆ ಪೂರ್ತಿ ತಿರುಗಿಸಿ. ಎಡಗೈ ಎಲ್ಲಿದೆ ನೋಡಿ. ಮೊಣಕೈ ನೆಟ್ಟಗಾಗಿ, ಕ್ಲಚ್ ಬೆರಳ ತುದಿಗೆ ಜಾರಿದ್ದರೆ ಆ ಹ್ಯಾಂಡಲ್ ನಿಮಗೆ ದೂರ. ಯೂಟರ್ನ್ ಮಧ್ಯೆ ಕ್ಲಚ್ ಕೈತಪ್ಪಿ, ಬೈಕ್ ಜರ್ಕ್ ಹೊಡೆದು ಆಫ್ ಆಗಿ, ಒಳಬದಿಗೆ ಬೀಳುವುದು ಹೀಗೇ. ಎಡಕ್ಕೂ ತಿರುಗಿಸಿ ಬಲಗೈ ನೋಡಿ. ಕ್ಲಚ್ ಒತ್ತಿ ಹಿಡಿದು ಐವತ್ತರವರೆಗೆ ಎಣಿಸಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಇದನ್ನೇ ಮಾಡಬೇಕಲ್ವಾ! ಹೊಸ ಮೀಟಿಯರ್‌ನಲ್ಲಿ ಸ್ಲಿಪ್-ಅಸಿಸ್ಟ್ ಅನ್ನುವ ಬಗೆಯ ಕ್ಲಚ್ ಇದೆ, ಒತ್ತಲು ಹಳೆಯದಕ್ಕಿಂತ ಹಗುರ. ಬಲಗಾಲು ಬ್ರೇಕ್ ಪೆಡಲಿಗೆ ಸೀಟಿನಲ್ಲಿ ಜಾರದೆ ಸಿಗಬೇಕು. ಹಿಮ್ಮಡಿಯಿಂದ ಗೇರ್ ಹಾಕುವ ಉದ್ದದ ಲಿವರ್ ಇದ್ದರೆ, ಚಿಕ್ಕ ಪಾದದವರು ಅದನ್ನೂ ಒತ್ತಿ ನೋಡಿ.

ಟೆಸ್ಟ್ ರೈಡ್

ನೇರ ರಸ್ತೆಯಲ್ಲಿ ಒಂದು ಸುತ್ತು ಸುಮ್ನೆ ವೇಸ್ಟ್. ಒಂದು ಹಂಪ್, ಒಂದು ಯೂಟರ್ನ್, ಒಂದು ಏರು ಇರುವ ದಾರಿ ಕೇಳಿ. ಕ್ರೂಸರಿನಲ್ಲಿ ಕಾಲು ಮುಂದಿರುತ್ತದೆ, ಹಂಪ್ ಬಂದಾಗ ಸೀಟಿನಿಂದ ಎದ್ದು ನಿಲ್ಲಲು ಆಗುವುದಿಲ್ಲ, ಏಟು ಸೀದಾ ಬೆನ್ನಿನ ಬುಡಕ್ಕೆ. ಬೆನ್ನುನೋವಿರುವವರು ಇಲ್ಲೇ ಯೋಚಿಸಬೇಕು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿ. ಬಲಗಾಲು ಬ್ರೇಕಿನ ಮೇಲಿರುವುದರಿಂದ ಪೂರ್ತಿ ತೂಕ ಎಡಗಾಲಿನದ್ದೇ. ಅಮ್ಮನನ್ನೋ ಮಗಳನ್ನೋ ಹಿಂದೆ ಕೂರಿಸಿಕೊಳ್ಳುವ ಯೋಚನೆ ಇದ್ದರೆ, ಅವರನ್ನು ಕೂರಿಸಿಕೊಂಡೇ ಒಮ್ಮೆ ನೋಡಿ.

ಸ್ವಲ್ಪ ಎತ್ತರ ಅನಿಸಿದರೆ ಸೀಟಿನ ಫೋಮ್ ಕತ್ತರಿಸಿ ಅಂಚು ಕಿರಿದು ಮಾಡಿಸಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟು ಕೆಲಸದವರು ಸಿಗುತ್ತಾರೆ. ಸಸ್ಪೆನ್ಷನ್ ತಗ್ಗಿಸುವುದು ಮಾತ್ರ ಬೇಡ. ನಮ್ಮ ಹಂಪ್‌ಗಳಿಗೆ ಬೈಕಿನ ಹೊಟ್ಟೆ ತಾಗುತ್ತದೆ, ತಗ್ಗಿದ ಬೈಕಿಗೆ ಸೈಡ್ ಸ್ಟ್ಯಾಂಡ್ ಉದ್ದವಾಗಿ, ನಿಲ್ಲಿಸಿದ ಬೈಕ್ ಎಡಕ್ಕೆ ಸರಿಯಾಗಿ ವಾಲದೆ ಬಲಕ್ಕೆ ಬೀಳುತ್ತದೆ.

ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40. ಮೊದಲ ಬೈಕ್ 350 ದಾಟದಿರಲು ಇದೂ ಒಂದು ಕಾರಣ. ಎಕ್ಸ್ ಶೋರೂಮ್ ಬೆಲೆ ನೋಡಿ ಖುಷಿಪಡಬೇಡಿ, ಕರ್ನಾಟಕದ ರಸ್ತೆ ತೆರಿಗೆ ಜಾಸ್ತಿ. ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿದ ಆನ್ ರೋಡ್ ಬೆಲೆ ಬರೆಸಿಕೊಳ್ಳಿ. ಆಕ್ಸೆಸರಿಯಲ್ಲಿ ಲೆಗ್ ಗಾರ್ಡ್ ಮಾತ್ರ ಬಿಡಬೇಡಿ. ಬಿದ್ದಾಗ ಕಾಲೂ ಉಳಿಯುತ್ತದೆ, ಬೈಕ್ ಪೂರ್ತಿ ಮಲಗದ್ದರಿಂದ ಎತ್ತುವುದೂ ಸುಲಭ.

ಎತ್ತುವ ವಿಧಾನ: ಮೊದಲು ಎಂಜಿನ್ ಆಫ್, ಬೈಕ್ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿ. ಬೈಕಿಗೆ ಬೆನ್ನು ಹಾಕಿ, ಸೀಟಿಗೆ ಒರಗಿ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ. ಬೆನ್ನು ಬಗ್ಗಿಸದೆ, ಕಾಲಿನ ಬಲದಿಂದ ಚಿಕ್ಕ ಚಿಕ್ಕ ಹೆಜ್ಜೆ ಹಿಂದಕ್ಕಿಡುತ್ತಾ ಎದ್ದೇಳಿ.

ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ನೋಡಿ. ತುರುಬು ಕಟ್ಟಿ ಸೈಜ್ ನೋಡಬೇಡಿ, ಹೆಲ್ಮೆಟ್ ಮುಂದಕ್ಕೆ ಜಾರುತ್ತದೆ. ಕೆಳಗೆ ಹೆಣೆದ ಜಡೆ ಸರಿ. ದುಪಟ್ಟಾ ಬೇಡವೇ ಬೇಡ.

ಮೊದಲ ದೂರದ ಸವಾರಿಗೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮನಸ್ಸಿನಲ್ಲಿದ್ದರೆ, 2023ರ ಆಗಸ್ಟ್‌ನಿಂದ ಅದರ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ. ಡೆಲಿವರಿಯನ್ನು ಟ್ರಾಫಿಕ್ ಕಡಿಮೆ ಇರುವ ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಟ್ಯಾಂಕಿನಲ್ಲಿ ಪೆಟ್ರೋಲ್ ಹೆಸರಿಗಷ್ಟೇ ಇರುತ್ತದೆ. ಹತ್ತಿರದ, ನೆಲ ಸಮತಟ್ಟಾಗಿರುವ ಬಂಕ್ ಯಾವುದು ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.