ಮ್ಯೂನಿಕ್‌ನಲ್ಲಿ ಕೂಸು: ಮೊದಲು ಯಾವ ಭಾಷೆ?

ಮ್ಯೂನಿಕ್‌ಗೆ ಹೊಸದಾಗಿ ಬಂದ ಕನ್ನಡದವರು ನನ್ನನ್ನು ಹೆಚ್ಚಾಗಿ ಕೇಳುವುದು ಎರಡೇ ಪ್ರಶ್ನೆ. ಕೊತ್ತಂಬರಿ ಸೊಪ್ಪು ದೊಡ್ಡ ಕಟ್ಟಲ್ಲಿ ಎಲ್ಲಿ ಸಿಗುತ್ತದೆ? ಮಗುವಿಗೆ ಮೊದಲು ಯಾವ ಭಾಷೆ ಕಲಿಸಬೇಕು? ಮೊದಲನೆಯದು ಸುಲಭ: ಸೆಂಟ್ರಲ್ ಸ್ಟೇಷನ್ನಿನ ದಕ್ಷಿಣಕ್ಕಿರುವ ಟರ್ಕಿಯವರ ಅಂಗಡಿಗಳು. ಎರಡನೆಯದಕ್ಕೆ ನಿಂತ ಕಾಲಲ್ಲಿ ಹೇಳಿದರೆ ಮುಗಿಯುವುದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಧಾರವಾಡದವಳು. ನನ್ನ ಗಂಡ ಉಡುಪಿ ಕಡೆಯವರು, ಅವರ ಮನೆಮಾತು ತುಳು. ನಾವಿಬ್ಬರೂ ಮಾತಾಡಿಕೊಳ್ಳುವುದು ಕನ್ನಡದಲ್ಲಿ. ಜಗಳ ಜೋರಾದರೆ ಅವರು ತುಳುವಿಗೆ ಇಳಿಯುತ್ತಾರೆ, ನಾನು ಧಾರವಾಡದ ಕನ್ನಡಕ್ಕೆ. ಆಫೀಸಲ್ಲಿ ಇಂಗ್ಲಿಷ್, ಬೀದಿಯಲ್ಲಿ ಜರ್ಮನ್. ಮಗಳು ಮೂರನೇ ಕ್ಲಾಸು, ಮಗ ಇನ್ನೂ ಕಿಂಡರ್‌ಗಾರ್ಟನ್. ಅಂದರೆ ನಾಲ್ಕು ಭಾಷೆ ಒಂದೇ ಸೂರಿನಡಿ. ನಿಮ್ಮ ಮನೆಯಲ್ಲಿ ಮೂರೇ ಇದ್ದರೆ ನಿಮ್ಮದು ನಮಗಿಂತ ಸಲೀಸು.

ಜರ್ಮನ್ ಚಿಂತೆ ಬಿಡಿ

ಇಲ್ಲಿ 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಮಗುವಿಗೆ ಡೇ ಕೇರ್ ಸೀಟು ಕಾನೂನಿನ ಹಕ್ಕು. ಸೀಟು ನಿಜಕ್ಕೂ ಕೈಗೆ ಸಿಗುವುದು ಬೇರೆ ಕಥೆ, ಅರ್ಜಿ ಬೇಗ ಹಾಕಿ. ಒಮ್ಮೆ ಸೇರಿತು ಅಂದರೆ ಮಗು ಎದ್ದಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜರ್ಮನ್ ಕೇಳುತ್ತದೆ. ಆರು ವರ್ಷಕ್ಕೆ ಶಾಲೆ. ಆಮೇಲೆ ಪಾಠ, ಆಟ, ಗೆಳೆತನ, ಬೈಗುಳ ಎಲ್ಲಾ ಜರ್ಮನ್ನೇ. ಅದು ನೀವು ಕಲಿಸದಿದ್ದರೂ ಬರುತ್ತದೆ. ಕನ್ನಡ ಹಾಗೆ ಬರುವುದಿಲ್ಲ. ನೀವು ಬಾಯಿ ಮುಚ್ಚಿದರೆ ಈ ಊರಿನಲ್ಲಿ ಅದನ್ನು ಮಗುವಿನ ಕಿವಿಗೆ ಹಾಕುವವರು ಬೇರೆ ಯಾರೂ ಇಲ್ಲ.

ಲಿಲಿ ವಾಂಗ್ ಫಿಲ್ಮೋರ್ ಎಂಬ ಭಾಷಾತಜ್ಞೆ 1991ರಲ್ಲಿ ಅಮೆರಿಕದ ವಲಸೆ ಕುಟುಂಬಗಳ ಬಗ್ಗೆ ಬರೆದರು. ತೀರಾ ಚಿಕ್ಕ ವಯಸ್ಸಿಗೆ ಇಂಗ್ಲಿಷ್ ಪ್ರಿಸ್ಕೂಲಿಗೆ ಹೋದ ಮಕ್ಕಳು ಇಂಗ್ಲಿಷನ್ನು ಕಲಿತರು, ಮನೆಮಾತನ್ನು ಬಿಡುತ್ತಾ ಹೋದರು. ಅಪ್ಪ ಅಮ್ಮನಿಗೆ ಇಂಗ್ಲಿಷ್ ಸರಿಯಾಗಿ ಬಾರದ ಮನೆಗಳಲ್ಲಿ ಮಾತುಕತೆಯೇ ನಿಂತು ಹೋಯಿತು. ನನಗೆ ಹೆದರಿಕೆ ಇದ್ದದ್ದು ಇದರದ್ದು, ಜರ್ಮನ್ನಿನದ್ದಲ್ಲ.

ಹಾಗಂತ ಪೂರ್ತಿ ಕೈಬಿಡಬೇಡಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ 2025ರಿಂದ ಶಾಲೆಗೆ ಸೇರುವ ಸುಮಾರು ಒಂದೂವರೆ ವರ್ಷ ಮೊದಲೇ ಮಗುವಿನ ಜರ್ಮನ್ ಪರೀಕ್ಷೆ ಮಾಡುತ್ತಾರೆ. ಡೇ ಕೇರಿನವರು 'ಇವನ ಭಾಷೆ ಸಾಕಷ್ಟಿದೆ' ಎಂದು ಬರೆದುಕೊಟ್ಟರೆ ಹೋಗಬೇಕಾಗಿಲ್ಲ. ಕಡಿಮೆ ಇದ್ದರೆ 'ಫೋರ್‌ಕುರ್ಸ್ 240' ಎಂಬ 240 ಗಂಟೆಯ ತರಬೇತಿ ಇದೆ. ಅಲ್ಲಿಗೆ ಹೋಗುವುದು ಅವಮಾನ ಅಲ್ಲ. ನಾಲ್ಕು ವರ್ಷ ಮನೆಯಲ್ಲೇ ಇದ್ದು ಆಮೇಲೆ ಕಿಂಡರ್‌ಗಾರ್ಟನ್ ಸೇರಿದ ಮಗುವಿಗೆ ಅದು ಒಳ್ಳೆಯದೇ.

ಮೊದಲ ವರ್ಷವೇ ಬಂಡವಾಳ

1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಒಂದು ಪ್ರಯೋಗ ಮಾಡಿದರು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಹಿಡಿದವು. ಹತ್ತು-ಹನ್ನೆರಡು ತಿಂಗಳಿನವು ಬಹುಪಾಲು ಹಿಡಿಯಲಿಲ್ಲ. ನಮ್ಮ ಮಕ್ಕಳು ಮುಂದೆ 'ತಾತ' ಅನ್ನಬೇಕೋ 'ಟಾಟಾ' ಅನ್ನಬೇಕೋ ಅನ್ನುವುದು ಅಷ್ಟು ಬೇಗ ಶುರುವಾಗುತ್ತದೆ.

ಜರ್ಮನಿಯಲ್ಲಿ ಅಪ್ಪ ಅಮ್ಮ ಇಬ್ಬರೂ ರಜೆ ಹಂಚಿಕೊಂಡರೆ ಒಟ್ಟು ಹದಿನಾಲ್ಕು ತಿಂಗಳವರೆಗೆ ಪೋಷಕರ ಭತ್ಯೆ ಸಿಗುತ್ತದೆ. ಈ ತಿಂಗಳುಗಳಲ್ಲಿ ಮಗು ಪೂರ್ತಿ ನಿಮ್ಮದು. ಡೈಪರ್ ಬದಲಿಸುವಾಗ, ಅನ್ನ ಕಲಸುವಾಗ, ಟ್ರಾಮಿನ ಕಿಟಕಿಯಿಂದ ನಾಯಿ ತೋರಿಸುವಾಗ ಬಿಡದೆ ಮಾತಾಡಿ. ಪಕ್ಕದ ಸೀಟಿನವರು ನೋಡುತ್ತಾರೆ ಎಂದು ದನಿ ತಗ್ಗಿಸಬೇಡಿ. ಈ ಊರಿನಲ್ಲಿ ಜನ ಫೋನಿನಲ್ಲಿ ಇಟಾಲಿಯನ್ ಕೂಗಾಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ.

ಮನೆಮಾತು ಎರಡಿದ್ದರೆ

ನಮಗೆ ಕಷ್ಟವಾಗಿದ್ದು ಇಲ್ಲೇ. ಕನ್ನಡವೋ, ತುಳುವೋ?

ಮೊದಲು ಒಬ್ಬರಿಗೊಬ್ಬರು ಕೇಳಿಕೊಳ್ಳಿ: ರಾತ್ರಿ ಎರಡು ಗಂಟೆಗೆ ಕೂಸು ಅತ್ತರೆ ನಿಮ್ಮ ಬಾಯಿಂದ ತಾನಾಗಿ ಬರುವುದು ಯಾವುದು? ನಿಮ್ಮ ಭಾಷೆ ಅದು. ಪ್ರಯತ್ನಪಟ್ಟು ಆಡುವ ಭಾಷೆ ಸುಸ್ತಾದ ದಿನ ಕೈಕೊಡುತ್ತದೆ, ಮಕ್ಕಳಿರುವ ಮನೆಯಲ್ಲಿ ಸುಸ್ತಾಗದ ದಿನ ಯಾವುದಿದೆ? ಆಮೇಲೆ, ಆ ಭಾಷೆ ಇಲ್ಲದಿದ್ದರೆ ಮಗುವಿಗೆ ಯಾರು ತಪ್ಪಿಹೋಗುತ್ತಾರೆ ಎಂದು ನೋಡಿ. ಕೊನೆಗೆ, ನಿಮ್ಮಿಬ್ಬರನ್ನು ಬಿಟ್ಟು ಈ ಊರಲ್ಲಿ ಅದನ್ನು ಆಡುವವರು ಎಷ್ಟು ಜನ.

ಒಬ್ಬರಿಗೆ ಒಂದು ಭಾಷೆ ಎಂದು ಹಂಚಿಕೊಳ್ಳಿ ಅನ್ನುವ ಸಲಹೆ ನಿಮಗೆ ಎಲ್ಲರೂ ಕೊಡುತ್ತಾರೆ. ಅದು ಹಳೆಯದು. ಜೂಲ್ ರೊಂಜಾ ಎಂಬ ಫ್ರೆಂಚ್ ಭಾಷಾತಜ್ಞ ತನ್ನ ಮಗನನ್ನು ಹಾಗೆ ಬೆಳೆಸಿ 1913ರಲ್ಲಿ ಪುಸ್ತಕವನ್ನೇ ಬರೆದ. ಅಪ್ಪ ಫ್ರೆಂಚ್, ಅಮ್ಮ ಜರ್ಮನ್. ಎರಡೂ ಪುಸ್ತಕ, ಶಾಲೆ, ಸರ್ಕಾರ ಎಲ್ಲಾ ಇರುವ ಗಟ್ಟಿ ಭಾಷೆಗಳು. ಮ್ಯೂನಿಕ್‌ನಲ್ಲಿ ತುಳುವಿನ ಪಾಡು ಹಾಗಿದೆಯಾ? ಬೆಲ್ಜಿಯಂನ ಆನಿಕ್ ಡೆ ಹೌವರ್ ಎಂಬುವವರು ಡಚ್ ಮಾತಾಡುವ ಪ್ರದೇಶದಲ್ಲಿ, ಮನೆಯಲ್ಲಿ ಬೇರೆ ಭಾಷೆ ಇರುವ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ವಿಚಾರಿಸಿ 2007ರಲ್ಲಿ ಪ್ರಕಟಿಸಿದ್ದಾರೆ. ಸುಮಾರು ನಾಲ್ಕರಲ್ಲಿ ಒಂದು ಮನೆಯ ಮಕ್ಕಳು ಮನೆಮಾತು ಆಡುತ್ತಲೇ ಇರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಮನೆಮಾತನ್ನೇ ಆಡುವ ಮನೆಗಳಲ್ಲಿ ಅದು ಹೆಚ್ಚುಕಡಿಮೆ ಎಲ್ಲಾ ಕಡೆ ಉಳಿದಿತ್ತು. ಒಬ್ಬರು ಮನೆಮಾತು, ಇನ್ನೊಬ್ಬರು ಡಚ್ ಎಂದು ಹಂಚಿಕೊಂಡಲ್ಲಿ ಸುಮಾರು ಮುಕ್ಕಾಲು ಪಾಲು ಮನೆಗಳಲ್ಲಿ ಮಾತ್ರ.

ಇದನ್ನು ಮುಂದಿಟ್ಟುಕೊಂಡು ನಾವು ಮಾಡಿದ್ದು ಹೀಗೆ. ಎಲ್ಲರೂ ಜೊತೆಗಿದ್ದಾಗ ಕನ್ನಡ. ಅಪ್ಪ ಮಕ್ಕಳು ಮಾತ್ರ ಇದ್ದಾಗ ತುಳು: ಸ್ನಾನ, ಡೇ ಕೇರಿಗೆ ಬಿಡುವ ದಾರಿ, ಶನಿವಾರದ ಈಜು. ನನಗೆ ತುಳು ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಹಾಗಾಗಿ ನನ್ನೆದುರು ಅವರು ತುಳು ಮಾತಾಡಿದರೂ ನಾನು ಅಡ್ಡ ಬರುವುದಿಲ್ಲ, 'ಏನಂದ್ರಿ?' ಎಂದು ಕೇಳುವುದಿಲ್ಲ. ಇದು ಮುಖ್ಯ. ಒಬ್ಬರಿಗೆ ಅರ್ಥವಾಗದ ಭಾಷೆ ಮನೆಯಲ್ಲಿ ಬಹಳ ದಿನ ಉಳಿಯುವುದಿಲ್ಲ. ನಿಮ್ಮ ಸಂಗಾತಿಯ ಭಾಷೆ ಆಡಲು ಬರದಿದ್ದರೂ ಕೇಳಿ ತಿಳಿಯುವಷ್ಟು ಕಲಿತುಬಿಡಿ.

ಫಲ ಸಮಸಮ ಇಲ್ಲ. ಮಗಳಿಗೆ ಕನ್ನಡ ನಿರರ್ಗಳ. ತುಳು ಎಲ್ಲಾ ತಿಳಿಯುತ್ತದೆ, ಉತ್ತರ ಕೊಡುವುದು ಮಾತ್ರ ಕನ್ನಡದಲ್ಲಿ. ಉಡುಪಿಯ ಅಜ್ಜಿ 'ಒಣಸ್ ಆಂಡಾ?' (ಊಟ ಆಯ್ತಾ?) ಅಂದರೆ ಇವಳು 'ಆತು ಅಜ್ಜಿ' ಅನ್ನುತ್ತಾಳೆ. ಇಬ್ಬರಿಗೂ ಅದರಲ್ಲಿ ತೊಂದರೆ ಕಂಡಿಲ್ಲ. ಕರಾವಳಿಯಲ್ಲಿ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿಕೊಂಡು ಶಾಲೆಯಲ್ಲಿ ಕನ್ನಡ ಕಲಿಯದ ಮಕ್ಕಳು ಎಷ್ಟಿದ್ದಾರೆ ಹೇಳಿ! ಎರಡು ಮೂರು ಭಾಷೆ ತಲೆಗೆ ಭಾರ ಅನ್ನುವವರನ್ನು ಮಂಗಳೂರಿನ ಬಸ್ ಸ್ಟ್ಯಾಂಡಿಗೆ ಕಳಿಸಬೇಕು.

ಇಬ್ಬರಿಗೂ ಸಮಾನವಾದ ಭಾರತೀಯ ಭಾಷೆಯೇ ಇಲ್ಲದಿದ್ದರೆ, ಉದಾಹರಣೆಗೆ ಕನ್ನಡ-ಬಂಗಾಳಿ ಜೋಡಿ, ಆಗ ಹಂಚಿಕೊಳ್ಳಲೇಬೇಕು. ನೀವಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳಿ, ಮಗುವಿನ ಕಡೆ ತಿರುಗಿದಾಗ ಮಾತ್ರ ನಿಮ್ಮ ನಿಮ್ಮ ಭಾಷೆ. ಇಂಗ್ಲಿಷನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ, ಅದು ಕಿವಿ ಮೇಲೆ ಬೀಳುತ್ತಲೇ ಇರುತ್ತದೆ. ಬವೇರಿಯಾದ ಶಾಲೆಗಳಲ್ಲಿ ಮೂರನೇ ಕ್ಲಾಸಿಗೆ ಇಂಗ್ಲಿಷ್ ಬರುತ್ತದೆ. ಇಂಗ್ಲಿಷಿಗಾಗಿ ಕನ್ನಡದ ಹೊತ್ತನ್ನು ಕೊಡುವುದು ನನ್ನ ಲೆಕ್ಕದಲ್ಲಿ ಅತಿ ದುಬಾರಿ ವ್ಯಾಪಾರ.

ಯಾವ ಕನ್ನಡ?

ನಿಮ್ಮದೇ. ಹುಬ್ಬಳ್ಳಿಯದೋ ಕುಂದಾಪುರದ್ದೋ ಮೈಸೂರಿನದ್ದೋ, ನೀವು ಆಡುವುದನ್ನೇ ಆಡಿ. ಪುಸ್ತಕದ ಕನ್ನಡ ಪುಸ್ತಕದಿಂದ ಬರುತ್ತದೆ.

ಜರ್ಮನ್‌ನಲ್ಲೇ ಉತ್ತರ ಕೊಟ್ಟರೆ

ಕೊಡುತ್ತಾರೆ. ಸಾಮಾನ್ಯವಾಗಿ ಡೇ ಕೇರ್ ಸೇರಿ ಕೆಲವು ತಿಂಗಳಿಗೆ ಶುರು. 'ಕನ್ನಡದಲ್ಲಿ ಹೇಳು' ಎಂದು ಗದರಿಸಿದರೆ ಮಗು ಹೇಳುವುದನ್ನೇ ನಿಲ್ಲಿಸುತ್ತದೆ. ನಾನು ಮಾಡುವುದು ಇಷ್ಟು. ಮಗ 'ವಾಸರ್' ಅಂದರೆ 'ನೀರು ಬೇಕಾ? ತಣ್ಣೀರಾ, ಬಿಸಿನೀರಾ?' ಎಂದು ಕೇಳುತ್ತೇನೆ. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಉತ್ತರ ಕನ್ನಡದಲ್ಲಿ ಬರುವುದು ಜಾಸ್ತಿ. ಮಗಳಾದರೆ ಕತೆ ಪೂರ್ತಿ ಜರ್ಮನ್‌ನಲ್ಲಿ ಹೇಳಲಿ ಎಂದು ಬಿಟ್ಟು, ನಡುನಡುವೆ ಕನ್ನಡದಲ್ಲಿ ಪ್ರಶ್ನೆ ಕೇಳುತ್ತೇನೆ. ಶಾಲೆಯಲ್ಲಿ ಆದ ಜಗಳಕ್ಕೆ ಅವಳ ಹತ್ತಿರ ಕನ್ನಡದ ಪದಗಳೇ ಇರುವುದಿಲ್ಲ, ನಾನು ಕೊಟ್ಟರೆ ತಾನೇ ಇರುವುದು?

ವಿಡಿಯೋ ಕಾಲ್ ಬೆಳಗ್ಗೆ ಮಾಡಿ. ಸಂಜೆ ಇಲ್ಲಿ ಆರಾದರೆ ಊರಲ್ಲಿ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಅಜ್ಜಿ ಆಕಳಿಸುತ್ತಿರುತ್ತಾರೆ, ಮಗು ಹಸಿದಿರುತ್ತದೆ. ಇಲ್ಲಿಯ ತಿಂಡಿ ಹೊತ್ತು ಅಲ್ಲಿಯ ಅಡುಗೆ ಹೊತ್ತು. 'ಅಜ್ಜಿಗೆ ಹಾಯ್ ಹೇಳು' ಅನ್ನಬೇಡಿ, ಅದಕ್ಕೆ ಯಾವ ಮಗುವೂ ಮಾತಾಡುವುದಿಲ್ಲ. ಫೋನನ್ನು ಅಡುಗೆಮನೆ ಕಟ್ಟೆಗೆ ಒರಗಿಸಿಡಲು ಹೇಳಿ. ಅವರು ನೀರುದೋಸೆ ಹುಯ್ಯಲಿ, ಇವರು ನೋಡುತ್ತಾ ಕೇಳಲಿ.

ಡಾಕ್ಟರು, ಟೀಚರು ಏನೆಂದರೂ

ಇಪ್ಪತ್ತೊಂದರಿಂದ ಇಪ್ಪತ್ನಾಲ್ಕನೇ ತಿಂಗಳೊಳಗೆ ಉ7 ಎಂಬ ತಪಾಸಣೆ ಇದೆ. ಮಗುವಿನ ತಪಾಸಣೆಗಳನ್ನು ಬರೆದಿಡುವ ಹಳದಿ ಪುಸ್ತಕ ತೆಗೆದುಕೊಂಡು ಹೋಗುತ್ತೀರಲ್ಲ, ಅದೇ. ಅಲ್ಲಿ ಮಗು ಎಷ್ಟು ಪದ ಆಡುತ್ತದೆ ಎಂದು ಕೇಳುತ್ತಾರೆ. ಹೋಗುವ ಮೊದಲು ಒಂದು ಹಾಳೆಯಲ್ಲಿ ಎಲ್ಲಾ ಭಾಷೆಯ ಪದಗಳನ್ನೂ ಬರೆಯಿರಿ. 'ಬೌ ಬೌ', 'ಅಮ್ಮ', 'ಮಮ್', 'ಬಾಲ್' ಎಲ್ಲವೂ ಲೆಕ್ಕಕ್ಕೆ. ಜರ್ಮನ್ ಪದ ಮಾತ್ರ ಎಣಿಸಿದರೆ ನಮ್ಮ ಮಕ್ಕಳು ಹಿಂದೆ ಬಿದ್ದಂತೆಯೇ ಕಾಣುತ್ತಾರೆ.

'ಮನೆಯಲ್ಲೂ ಜರ್ಮನ್ ಮಾತಾಡಿ, ಮಗುವಿಗೆ ಗೊಂದಲ ಆಗುತ್ತಿದೆ' ಎಂದು ಯಾರಾದರೂ ಹೇಳಬಹುದು. ನನಗೂ ಹೇಳಿದ್ದಾರೆ. ನನ್ನ ಜರ್ಮನ್‌ನಲ್ಲಿ, ನಾಮಪದದ ಮುಂದೆ ಲಿಂಗಕ್ಕೆ ತಕ್ಕಂತೆ ಬರಬೇಕಾದ ಡೆರ್, ಡೀ, ಡಾಸ್ ಬಾಯಿಗೆ ಬಂದಂತೆ ಬೀಳುತ್ತವೆ. ಆ ಜರ್ಮನ್ ಕಲಿತು ಮಗು ಏನು ಮಾಡಬೇಕು? ನಗುತ್ತಲೇ ಇದನ್ನು ಹೇಳಿ ಬಂದೆ. ಎರಡು ಭಾಷೆ ಕಲಿಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಆದರೆ ಎಲ್ಲಾ ಭಾಷೆಯಲ್ಲೂ ಮಾತು ಕಡಿಮೆ ಅನ್ನಿಸಿದರೆ 'ನಮ್ಮ ಮನೆಯಲ್ಲಿ ಎಲ್ಲರೂ ತಡವಾಗೇ ಮಾತಾಡಿದ್ದು' ಎಂದು ಸುಮ್ನೆ ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಮಕ್ಕಳ ಡಾಕ್ಟರ ಚೀಟಿ ತೆಗೆದುಕೊಂಡು ಲೋಗೋಪೆಡಿಗೆ, ಅಂದರೆ ಮಾತಿನ ಚಿಕಿತ್ಸೆಗೆ ಹೋಗಿ. ಖರ್ಚು ಆರೋಗ್ಯ ವಿಮೆಯದ್ದು.

ಅಕ್ಷರ ಯಾವಾಗ

ಇಲ್ಲಿ ಒಂದನೇ ಕ್ಲಾಸಿನವರೆಗೆ ಓದು ಬರಹ ಕಲಿಸುವುದಿಲ್ಲ. ಊರಲ್ಲಿ ಎಲ್‌ಕೆಜಿ ಮಗು ಪುಟ ತುಂಬಿಸುವ ಹೊತ್ತಿಗೆ ಇಲ್ಲಿಯ ಮಕ್ಕಳು ಕೆಸರಲ್ಲಿ ಆಡುತ್ತಿರುತ್ತಾರೆ. ಆ ಖಾಲಿ ಜಾಗವನ್ನು ಕನ್ನಡಕ್ಕೆ ಬಳಸಿಕೊಳ್ಳಿ. ಐದು ವರ್ಷಕ್ಕೆ ಮಗು ತಾನಾಗಿ ಕೇಳಿದರೆ ಅದರ ಹೆಸರಿನ ಅಕ್ಷರದಿಂದ ಶುರು ಮಾಡಿ, ಅ ಆ ಇ ಈ ಸಾಲಿನಿಂದಲ್ಲ. ಕೇಳದಿದ್ದರೆ ಕಾಯಿರಿ. ಮಗಳು ಒಂದನೇ ಕ್ಲಾಸಿನ ಅರ್ಧ ವರ್ಷ ಜರ್ಮನ್ ಓದಲು ಕಲಿತ ಮೇಲೆ ಕನ್ನಡವನ್ನು ಬೇಗ ಹಿಡಿದಳು. ಒತ್ತಕ್ಷರ ಮಾತ್ರ ಇನ್ನೂ ಕಾಡುತ್ತಿದೆ. ಓದಲು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕತೆಗಳು ಬಿಟ್ಟಿಯಾಗಿ ಸಿಗುತ್ತವೆ, ಮಟ್ಟಕ್ಕೆ ತಕ್ಕಂತೆ ಆರಿಸಿಕೊಳ್ಳಬಹುದು. ನಾನು ಪ್ರಿಂಟ್ ತೆಗೆದು ಸ್ಟೇಪಲ್ ಹೊಡೆಯುತ್ತೇನೆ. ಪರದೆ ಮೇಲೆ ತೋರಿಸಿದರೆ ಎರಡು ನಿಮಿಷಕ್ಕೆ ಕಾರ್ಟೂನ್ ಕೇಳುತ್ತಾರೆ.

ಎರಡು ಮೂರು ವರ್ಷದಲ್ಲಿ ಬೆಂಗಳೂರಿಗೆ ವಾಪಸ್ ಹೋಗುವ ಯೋಚನೆ ಗಟ್ಟಿ ಇದ್ದರೆ ಲೆಕ್ಕ ಬದಲಾಗುತ್ತದೆ. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಪ್ರಕಾರ ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕು, ಹಾಗಾಗಿ ಕಾಗುಣಿತ ಮುಗಿಸಿಕೊಂಡು ಹೋದರೆ ಮಗುವಿಗೆ ಹಗುರ. ಆದರೆ ನೀವು ನೋಡುತ್ತಿರುವ ಶಾಲೆ ಇಂಗ್ಲಿಷ್ ಮೀಡಿಯಂ ಆಗಿದ್ದರೆ ಗಣಿತ, ವಿಜ್ಞಾನ ಎಲ್ಲಾ ಇಂಗ್ಲಿಷಿನಲ್ಲಿ ಇರುತ್ತದೆ. ಆಗ ಹೊರಡುವ ಮೊದಲಿನ ವರ್ಷ ಇಂಗ್ಲಿಷ್ ಓದಿಗೆ ದಿನಕ್ಕೆ ಅರ್ಧ ಗಂಟೆ ಕೊಡಿ. ಆ ಅರ್ಧ ಗಂಟೆಯನ್ನು ಕನ್ನಡದಿಂದ ಕಿತ್ತುಕೊಳ್ಳಬೇಡಿ, ಟಿವಿಯಿಂದ ಕಿತ್ತುಕೊಳ್ಳಿ.