ಊರಲ್ಲಿ ನುಡಿನಮನ ಮಾಡುವುದು ಹೇಗೆ?

ವಾಟ್ಸಾಪ್‌ನಲ್ಲಿ ಹೆಸರಾಂತರ ಸಾವಿನ ಸುದ್ದಿ ಬಂದ ಕೂಡಲೇ ಫ್ಲೆಕ್ಸ್‌ಗೆ ಆರ್ಡರ್ ಕೊಡಬೇಡಿ. ಬದುಕಿರುವವರಿಗೂ ಓಂ ಶಾಂತಿ ಹಾಕುವ ಕಾಲ ಇದು, ಮೊದಲು ಖಚಿತ ಮಾಡಿಕೊಳ್ಳಿ. ನನ್ನ ಕೇಳಿದರೆ ಫ್ಲೆಕ್ಸೇ ಬೇಡ. ತೀರಿಕೊಂಡವರಿಗಿಂತ ಹಾಕಿಸಿದವರ ಮುಖವೇ ದೊಡ್ಡದಿರುತ್ತದೆ ಅಲ್ವಾ? ಒಂದು ಫೋಟೊ, ಒಂದು ಹಾರ ಸಾಕು.

ನಟಿ ಬಿ. ಸರೋಜಾದೇವಿ ತೀರಿಕೊಂಡದ್ದು 2025ರ ಜುಲೈ 14ರಂದು, ಅವರ ನೆನಪಿನ ದಿನ ಮಳೆಗಾಲದಲ್ಲೇ ಬರುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈ ಮಳೆಯಲ್ಲಿ ಶಾಮಿಯಾನ ನಂಬಿದರೆ ಕೆಟ್ಟಿರಿ, ಸಮುದಾಯ ಭವನವೇ ಸರಿ. ಕರೆಂಟೂ ಇರುವುದಿಲ್ಲ, ಹಾಡುಗಳನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡು ಚಾರ್ಜ್ ಆದ ಸ್ಪೀಕರ್ ಇಟ್ಟುಕೊಳ್ಳಿ.

ಮುಖ್ಯವಾದದ್ದು ಮಾತು. "ತುಂಬಲಾರದ ನಷ್ಟ" ಅಂತ ಸುಮ್ನೆ ಎಳೆಯಬೇಡಿ, ನಡೆದದ್ದು ಹೇಳಿ. ಎಸ್.ಎಂ. ಕೃಷ್ಣ 1999ರಿಂದ 2004ರವರೆಗೆ ಮುಖ್ಯಮಂತ್ರಿ; ಆಗ ಶುರುವಾದ ಶಾಲೆಯ ಬಿಸಿಯೂಟ ಉಂಡವರು ಊರಲ್ಲೇ ಸಿಗುತ್ತಾರೆ, ಅವರನ್ನು ಮಾತಾಡಿಸಿ. ಟೀಕೆ ಇದ್ದರೆ ಅದನ್ನೂ ಮೆಲ್ಲಗೆ ಹೇಳಲಿ. ಆಟಗಾರರನ್ನು ಬಿಡಬೇಡಿ: 2024ರಲ್ಲಿ ತೀರಿಕೊಂಡ ವೇಗದ ಬೌಲರ್ ಡೇವಿಡ್ ಜಾನ್ಸನ್ ಆಡಿದ್ದು 2 ಟೆಸ್ಟ್ ಅಷ್ಟೇ, 1996ರಲ್ಲಿ. ಅವರ ಬಗ್ಗೆ ಹೇಳಲು ಊರಿನ ಕ್ರಿಕೆಟ್ ಹುಡುಗರಿಗೇ ಮೈಕ್ ಕೊಡಿ.

ಪುನೀತ್ ಅವರ ನೆನಪಿನ ದಿನವಾದರೆ ನೇತ್ರದಾನದ ಅರ್ಜಿಗಳನ್ನೂ ಇಡಿ. ಸತ್ತ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು, ದೂರದ ಒಂಟಿ ಮನೆಯವರಿಗೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಮೊದಲೇ ಗೊತ್ತಿರಲಿ.